ಕಾಡಿಗೆ ಭರಣಿಯ ದ್ವಾರಪಾಲಕ

ಜಪಾನಿನ ವಾಕೋ ನಗರದ ಪ್ರಯೋಗಾಲಯದಲ್ಲಿ ಪ್ರಾಚೀನ ಈಜಿಪ್ಟಿನ ಕಾಡಿಗೆ ಪರೀಕ್ಷಿಸುವ ರಮಾಕಾಂತ ಕೈಗವಸು ತೊಟ್ಟನೆಂದರೆ ಸಾಕ್ಷಾತ್ ಅಂತಃಪುರದ ದ್ವಾರಪಾಲಕ. ರಾಣಿಯೊಬ್ಬಳ ಹಾಲುಗಲ್ಲಿನ ಭರಣಿ ತೆರೆಯುವ ಮುನ್ನ ನಡು ಬಗ್ಗಿಸಿ “ಸುಮಿಮಾಸೆನ್, ಮಹಾರಾಣಿ” ಎಂದು ಜಪಾನಿ ಭಾಷೆಯಲ್ಲಿ ಕ್ಷಮೆ ಕೇಳುತ್ತಾನೆ. ಪಕ್ಕದಲ್ಲಿ ಯಾರಾದರೂ ಸೀನಿದರೆ ಸಾಮ್ರಾಜ್ಯವೇ ಉರುಳಿತೆಂದು ನಡುಗುತ್ತಾನೆ. ರೈಲಿನಲ್ಲಿ ತೂಕಡಿಸಿದರೆ ನೈಲ್ ನದಿಯ ದೋಣಿಯಿಂದ ಕಪ್ಪು ಕಣ್ಣಂಚಿನ ರಾಣಿ ಕೈಬೀಸುತ್ತಾಳೆ. “ರಾತ್ರಿ ಅಡುಗೆ ನಿಮ್ಮ ಕ್ವೀನೇ ಮಾಡ್ಲಿ ಬಿಡಿ” ಎಂದು ಹೆಂಡತಿ ಶಾಲಿನಿ ಕಿಚಾಯಿಸುತ್ತಾಳೆ. ಇಂದು ಬೆಳಗ್ಗೆ ಮಗಳು ಚಿನ್ಮಯಿ ಅಮ್ಮನ ಕಾಡಿಗೆ ಡಬ್ಬಿಗೆ ಬೆರಳದ್ದಿದಳೆಂದು ಗದರಿ, ಅವಳನ್ನು ಅಳಿಸಿ ಬಂದಿದ್ದ. ಮಧ್ಯಾಹ್ನ ಭರಣಿಯೊಳಗೆ, ಒಣಗಿದ ಕಾಡಿಗೆಯ ಮೇಲೆ, ಪುಟ್ಟದೊಂದು ಬೆರಳಿನ ಗುಳಿ ಕಂಡಿತು. ರಾಣಿಯದಲ್ಲ, ಯಾವುದೋ ಮಗುವಿನದು. ಮಾದರಿಗೆ ಅಲ್ಲಿಂದಲೇ ಕೆರೆಯಬೇಕಿತ್ತು; ಕೈ ಬರಲಿಲ್ಲ, ಅಂಚಿನಿಂದ ಕೆರೆದ. ಸಂಜೆ ಮುನಿಸಿಕೊಂಡು ಕುಳಿತ ಮಗಳ ಮುಂದೆ ಅಮ್ಮನ ಡಬ್ಬಿ ತೆರೆದಿಟ್ಟು, ನಡು ಬಗ್ಗಿಸಿದ: “ಸುಮಿಮಾಸೆನ್, ಮಹಾರಾಣಿ.”