ಹೊಲಿಗೆಗೆ ಬಿಟ್ಟ ಅರ್ಧ ಅಂಗುಲ

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಾನು ಆಂಧ್ರದ ಗಡಿಯ ರಾಯದುರ್ಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದೆ. ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಯೂನಿಟ್‌ಗಳು ಎದ್ದಿದ್ದ ಕಾಲ. ಕೆಲಸ ಹುಡುಕಿಕೊಂಡು ಮಡಕಶಿರಾ ಕಡೆಯಿಂದಲೂ ಕುಟುಂಬಗಳು ಬಂದಿದ್ದವು. ಏಳನೇ ತರಗತಿಯ ರತ್ನಾಳ ಮನೆಯವರು ಹಾಗೆ ಬಂದವರು. ಅವಳ ತಾಯಿ ತಿಮ್ಮಕ್ಕನದು ಯೂನಿಟ್‌ನಲ್ಲಿ ಚೆಕಿಂಗ್ ಕೆಲಸ. ಎಂದರೆ ಹೊಲಿದ ಪ್ಯಾಂಟಿನಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದು.

ಆ ವರ್ಷ ಮಂಡಲ ಮಟ್ಟದ, ಎಂದರೆ ಸುತ್ತಲಿನ ಊರುಗಳ ಶಾಲೆಗಳೆಲ್ಲ ಸೇರುವ ಪ್ರದರ್ಶನಕ್ಕೆ ಐದು ಮೀಟರ್ ಬಟ್ಟೆಯ ಮೇಲೆ ಮಕ್ಕಳಿಂದಲೇ ಬ್ಲಾಕ್ ಪ್ರಿಂಟ್ ಮಾಡಿಸುತ್ತೇನೆಂದು ಹೆಡ್‌ಮಾಸ್ಟರಿಗೆ ಮಾತು ಕೊಟ್ಟಿದ್ದೆ. ವಿಧಾನ ಸುಲಭ. ಪ್ಯಾಕಿಂಗಿಗೆ ಬರುವ ಫೋಮ್ ಹಾಳೆಯ ಮೇಲೆ ಚಿತ್ರ ಬರೆದು, ಕತ್ತರಿಸಿ, ರಟ್ಟಿಗೆ ಅಂಟಿಸಿದರೆ ಅದೇ ಅಚ್ಚು. ಸ್ಪಂಜಿನಿಂದ ಬಣ್ಣ ಹಚ್ಚಿ ಬಟ್ಟೆಯ ಮೇಲೆ ಒತ್ತಬೇಕು. ನಾವು ಆರಿಸಿದ್ದು ಕುರಿಯ ಚಿತ್ರ.

ಮೊದಲ ದಿನ ರತ್ನಾಳ ಅಚ್ಚು ಒತ್ತಿ ನೋಡಿದರೆ ಕುರಿ ಹೋಗಿ ಎಮ್ಮೆಯಾಗಿತ್ತು. ನಾಲ್ಕು ಕಾಲೂ ಕೂಡಿಕೊಂಡು ಒಂದೇ ದಿಮ್ಮಿ. ಹುಡುಗಿ ಗೆರೆಯಿಂದ ಅರ್ಧ ಅಂಗುಲ ಹೊರಗೆ ಕತ್ತರಿಸಿದ್ದಳು. ನನಗೆ ರೇಗಿತು.

“ಗೆರೆ ಕಾಣಂಗಿಲ್ಲೇನು? ಹೊರಗ ಯಾಕ ಕತ್ತರಿಸಿದಿ?”

“ಹೊಲಿಗೆಗೆ ಬಿಡ್ಬೇಕಲ್ವಾ ಸಾರ್? ಮನೇಲಿ ಬಟ್ಟೆ ಗೆರೆ ಮೇಲೇ ಕತ್ತರ್ಸಿದ್ರೆ ಅವ್ವ ಬಯ್ತಾಳೆ.”

ಉಳಿದವರ ಫೋಮ್ ಎತ್ತಿ ನೋಡಿದೆ. ಹೊಲಿಗೆ ಮನೆಗಳ ಮಕ್ಕಳೆಲ್ಲ ಹಾಗೆಯೇ ಕತ್ತರಿಸಿದ್ದರು. ನಾಚಿಕೆಯಾಯಿತು. ಫೋಮಿಗೆ ಹೊಲಿಗೆ ಬೀಳುವುದಿಲ್ಲವೆಂದು ಮೊದಲೇ ಹೇಳಬೇಕಾದವನು ನಾನು.

ಎರಡನೆಯ ಸಲ ಕುರಿ ಕುರಿಯಾಗಿಯೇ ಬಂತು, ಆದರೆ ಸಾಲು ನಿಲ್ಲಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಮತ್ತೊಂದು ಪಕ್ಕದ್ದರ ಬೆನ್ನೇರಿತ್ತು. ನಾನು ಸ್ಕೇಲು ಹುಡುಕುವಷ್ಟರಲ್ಲಿ ರತ್ನಾ ಹೊಸ ಅಚ್ಚು ಮಾಡಿಕೊಂಡು ಬಂದಳು. ಫೋಮನ್ನು ಗೆರೆಗೆ ಸರಿಯಾಗಿ ಕತ್ತರಿಸಿ, ಕೆಳಗಿನ ರಟ್ಟನ್ನು ಮಾತ್ರ ಸುತ್ತಲೂ ಅರ್ಧ ಅಂಗುಲ ಹೆಚ್ಚು ಬಿಟ್ಟು ಚೌಕ ಮಾಡಿದ್ದಳು. ಒತ್ತಿದ ಮೇಲೆ ರಟ್ಟಿನ ಅಂಚಿಗುಂಟ ಬಟ್ಟೆಯ ಮೇಲೆ ಟೈಲರ್ ಸೀಮೆಸುಣ್ಣದ ಗೀಟು. ಮುಂದಿನ ಸಲ ರಟ್ಟು ಆ ಗೀಟಿಗೆ ತಾಗಿ ಕೂರಬೇಕು. ಅಷ್ಟೇ. ಕುರಿಗಳು ಒಂದರ ಹಿಂದೊಂದು ನೆಟ್ಟಗೆ ನಡೆದವು.

ಅರ್ಧ ಬಟ್ಟೆ ಮುಗಿದಿದ್ದಾಗ ತಿಮ್ಮಕ್ಕ ಶಾಲೆಗೆ ಬಂದರು.

“ಸೋಮ್ವಾರದಿಂದ ಇವ್ಳು ಬರಲ್ಲ ಸಾರ್. ಪ್ಯಾಂಟಿನ ದಾರ ಕತ್ತರ್ಸೋಕೆ ಯೂನಿಟ್ಗೆ ಹಾಕ್ತೀನಿ. ಮಾತಾಡಿ ಬಂದಿದೀನಿ.”

ರತ್ನಾ ತಲೆ ಎತ್ತಲಿಲ್ಲ, ಒತ್ತುವುದನ್ನೂ ನಿಲ್ಲಿಸಲಿಲ್ಲ. ವಾದಕ್ಕೆ ಇಳಿಯಲು ಹೊರಟವನು ಅದನ್ನು ಬಿಟ್ಟು, ಬಟ್ಟೆಯ ಒಣಗಿದ ತುದಿಯನ್ನು ಅವರ ಕೈಗೆ ಕೊಟ್ಟೆ.

“ಚೆಕಿಂಗ್ ಮಾಡೋರು ನೀವು. ಎಲ್ಲ್ಯಾದ್ರೂ ತಪ್ಪು ಐತೇನು ನೋಡ್ರಿ.”

ತಿಮ್ಮಕ್ಕ ಬೆಳಕಿಗೆ ಹಿಡಿದರು. ಗೇಣು ಹಾಕಿ ಅಳೆದರು. ಸಾಲಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಹುಡುಕಿದರು.

“ಇಷ್ಟು ಸಮ ಹೆಂಗ್ ಬಂತು ಮಗಾ? ಯಾರು ಹೇಳ್ಕೊಟ್ರು?”

“ನೀನೇ ಅಲ್ವಾ, ಅರ್ಧ ಅಂಗುಲ ಬಿಡು ಅಂತ.”

ತಿಮ್ಮಕ್ಕ ಬಟ್ಟೆಯ ತುದಿಯನ್ನು ಸುಕ್ಕಿಲ್ಲದಂತೆ ನೆಟ್ಟಗೆ ಹಾಸಿಟ್ಟರು. “ಟೆಂತ್ ಮುಗಿಸ್ಲಿ ಬಿಡಿ ಸಾರ್. ಯೂನಿಟ್ನೋರಿಗೆ ನಾನ್ ಹೇಳ್ಕತೀನಿ,” ಎಂದರು.

ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ನನ್ನ ಹೆಮ್ಮೆ ಅದರಿಂದ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಮಗುವಿನ ಕೈ ತಪ್ಪಿತೆಂದು ಕಂಡಾಗಲೆಲ್ಲ, ಬಯ್ಯುವ ಮೊದಲು ಆ ಕೈಗೆ ಕೆಲಸ ಕಲಿಸಿದವರು ಯಾರೆಂದು ಕೇಳಿದ್ದೇನೆ.