ಲೈನಿನ ಬೆಟ್ಟಮ್ಮ ಒಪ್ಪಿಕೊಂಡ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತೈದು ವರ್ಷ ಕರಡು ತಿದ್ದಿದವಳಿಗೆ ಇನ್ನೇನು ಬರುತ್ತದೆ ಹೇಳಿ? ಬೇರೆಯವರ ತಪ್ಪು ಹುಡುಕುವುದೇ ನನ್ನ ಅನ್ನ. ಅಗ್ರಹಾರದ ಒಂದು ಮುದ್ರಣಾಲಯಕ್ಕೆ ಪಂಚಾಂಗದಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಎಲ್ಲವನ್ನೂ ತಿದ್ದಿಕೊಟ್ಟಿದ್ದೇನೆ. ಈಗ ಅರವತ್ತಾರಾಯಿತು. ಕೃಷ್ಣಮೂರ್ತಿಪುರಂನ ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಪುಟ ತರಿಸಿಕೊಂಡು ತಿದ್ದಿ ಕಳಿಸುತ್ತೇನೆ. ಇದನ್ನೆಲ್ಲ ನನ್ನ ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಮ್ಮ ಬೀದಿಯ ಲೈನಿನ ಬೆಟ್ಟಮ್ಮನ ವಿಷಯ ಬರೆಯಬೇಕಾಗಿದೆ, ಅದರಲ್ಲಿ ನನ್ನ ಪಾಲೂ ಇದೆ.

ಬೆಟ್ಟಮ್ಮ ನಂಜನಗೂಡು ಕಡೆಯ ರೈತರ ಮನೆಯ ಹೆಣ್ಣುಮಗಳು. ಗಂಡ ಮರಿಸ್ವಾಮಿ ಟೆಲಿಫೋನ್ ಕಚೇರಿಯಲ್ಲಿ ಲೈನ್‌ಮನ್ ಆಗಿದ್ದ. ಕಾಮಾಲೆ ಬಂದು ತೀರಿಕೊಂಡಾಗ ಆ ಕೆಲಸ ಇವಳಿಗೆ ಬಂತು. ಆಗ ಇವಳಿಗೆ ಇಪ್ಪತ್ತೆಂಟು. ಕಚೇರಿಯವರು ಫೈಲು ಹೊತ್ತು, ಟೀ ತಂದುಕೊಟ್ಟುಕೊಂಡು ಇರಲಿ ಎಂದುಕೊಂಡಿದ್ದರಂತೆ. ಇವಳು ಒಂದು ತಿಂಗಳು ಟೀ ತಂದುಕೊಟ್ಟು, ಎರಡನೇ ತಿಂಗಳು ಸಾಹೇಬರ ಮುಂದೆ ನಿಂತು, "ಸಾರ್, ನಮ್ಮನೆಯವ್ರು ಕಂಬ ಹತ್ತುತಿದ್ರು, ನಾನು ಲೋಟ ತೊಳೀತಾ ಕೂತ್ರೆ ಅದು ಅವ್ರ ಕೆಲ್ಸ ಎಂಗಾಯ್ತದೆ?" ಎಂದು ಕೇಳಿದಳು. ಕಂಬ ಹತ್ತುವ ಬೆಲ್ಟು ಕೊಟ್ಟರು.

ಅಲ್ಲಿಂದ ಮುಂದೆ ನೂರಾರು ತಾಮ್ರದ ಎಳೆಗಳನ್ನು ಬಣ್ಣ ನೋಡಿ ಜೋಡಿಸುವುದನ್ನು ಕಲಿತಳು. ಓದಿದ್ದು ಏಳನೇ ಕ್ಲಾಸು, ಆದರೆ ಎಳೆಗಳ ಬಣ್ಣಗಳ ಸಾಲನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಕಚೇರಿಯವರು ಅವಧಿಗೆ ಮುಂಚೆಯೇ ನಿವೃತ್ತಿ ಕೊಟ್ಟು ಕಳಿಸಿದ ಮೇಲೆ ಗುತ್ತಿಗೆದಾರ ರವಿಚಂದ್ರ ಇವಳನ್ನು ಕರೆದುಕೊಂಡ. ದೇಶಕ್ಕೆಲ್ಲ ಗಾಜಿನ ತಂತಿ ಎಳೆಯುವ ಯೋಜನೆಯಲ್ಲಿ ನಮ್ಮ ಕಡೆಯ ಬೀದಿಗಳ ಕೆಲಸ ಅವನದು. ಐವತ್ತಾರನೇ ವಯಸ್ಸಿನಲ್ಲಿ ಬೆಟ್ಟಮ್ಮ ಹನ್ನೆರಡು ದಿನ ತರಬೇತಿಗೆ ಹೋಗಿ, ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು, ಬೆಳಕಿನ ಮೂಲಕ ಇಂಟರ್ನೆಟ್ಟು ಹರಿಯುವ, ಕೂದಲಿಗಿಂತ ಸಣ್ಣ ಗಾಜಿನ ಎಳೆಯನ್ನು ಬೆಸೆಯುವುದನ್ನು ಕಲಿತು ಬಂದಳು. ನಮ್ಮ ಬೀದಿಗೆ ಹೊಸ ಬ್ರಾಡ್‌ಬ್ಯಾಂಡ್ ತಂದವಳು ಇವಳೇ.

ಆಷಾಢದಲ್ಲಿ ಬಂದದ್ದು ಮಹಾನವಮಿಯವರೆಗೆ ಚೆನ್ನಾಗಿತ್ತು. ವಿಜಯದಶಮಿ ಕಳೆದು ಎರಡು ದಿನಕ್ಕೆ ಕುಂಟಲು ಶುರುವಾಯಿತು. ನೂರರ ವೇಗ ಎಂದು ಹೇಳಿದ್ದರು. ಅಳೆದರೆ ಮೂರು ತೋರಿಸುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ಒಂದು ಪುಟ ಇಳಿಯುವಷ್ಟರಲ್ಲಿ ನಾನು ಹುಳಿಗೆ ಒಗ್ಗರಣೆ ಹಾಕಿ ಬರಬಹುದಿತ್ತು. ಕೊನೆಗೆ ಪೆನ್‌ಡ್ರೈವ್ ಸೆರಗಿನಲ್ಲಿ ಕಟ್ಟಿಕೊಂಡು ಬಿಸಿಲಲ್ಲಿ ಅಗ್ರಹಾರಕ್ಕೆ ನಡೆದುಹೋಗಿ ಪುಟ ತಂದೆ. ಇದಕ್ಕೆ ಗಾಜಿನ ತಂತಿ ಬೇಕಾಗಿತ್ತೇ ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಬೆಟ್ಟಮ್ಮನನ್ನು ಕರೆದರೆ ಮಾತ್ರ ಬರುತ್ತಿದ್ದಳು. ಮೂರು ಸಲ ಬಂದಳು. ಮನೆಯೊಳಗಿನ ಡಬ್ಬಿ ಬದಲಾಯಿಸಿದಳು, ವೈರು ಬದಲಾಯಿಸಿದಳು. "ಬೆಳ್ಕು ಕಮ್ಮಿ ಬತ್ತಾ ಅದೆ ಅಮ್ಮಾವ್ರೆ, ಎಲ್ಲಿ ಸೋರ್ತಾ ಅದೆ ಅಂತ ಗೊತ್ತಾಗ್ತಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳಿದಳು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಕೂತು ರವಿಚಂದ್ರನಿಗೆ ಒಂದು ಅರ್ಜಿ ಬರೆದೆ. ಹದಿನೆಂಟು ಮನೆಯವರು ಸಹಿ ಹಾಕಿದರು. ತಿಳಿವಳಿಕೆ ಇರುವ ಬೇರೆಯವರನ್ನು ಕಳುಹಿಸಬೇಕು ಎಂದು ಕೇಳಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಾಗಿತ್ತು. ಅರ್ಜಿಗೆ ತೂಕ ಬರಲಿ ಎಂದು, "ಹತ್ತು ಬಾರಿ ಕರೆದರೂ ಬಂದು ನೋಡಿರುವುದಿಲ್ಲ" ಎಂಬ ಸಾಲನ್ನೂ ಸೇರಿಸಿದೆ. ಅದು ಶುದ್ಧ ಸುಳ್ಳು. ಬರೆಯುವಾಗಲೇ ಗೊತ್ತಿತ್ತು.

ಅರ್ಜಿ ತಲುಪಿದ ಮರುದಿನ ರವಿಚಂದ್ರ ಬೆಟ್ಟಮ್ಮನಿಗೆ ಮೂರು ದಿನದ ಗಡುವು ಕೊಟ್ಟ. ಅಷ್ಟರೊಳಗೆ ಸರಿಹೋಗದಿದ್ದರೆ ನಮ್ಮ ಬೀದಿ ಮಾತ್ರವಲ್ಲ, ಅವಳ ಕೈಲಿದ್ದ ಎಲ್ಲ ಬೀದಿಗಳೂ ಬೇರೆಯವರ ಪಾಲು. ಅಂದರೆ ಮನೆಗೆ ಹೋಗು ಎಂದು ಅರ್ಥ. ಇದನ್ನು ಅವಳೇನೂ ನನಗೆ ಹೇಳಲಿಲ್ಲ, ಎದುರುಮನೆಯ ಶಿವಲಿಂಗಯ್ಯನವರಿಂದ ತಿಳಿಯಿತು. ಆದರೂ ಅರ್ಜಿಯನ್ನು ಹಿಂದಕ್ಕೆ ಪಡೆಯಲಿಲ್ಲ.

ಮೂರನೇ ದಿನ ಬೆಳಗ್ಗೆ ರವಿಚಂದ್ರನೇ ಬಂದ. ಮನೆಗಳ ಹಿಂದಿನ ಸಂದಿಯಲ್ಲಿ ಒಂದು ಕಂಬವಿದೆ, ಅದರ ಮೇಲಿನ ಪೆಟ್ಟಿಗೆಯಿಂದಲೇ ಹದಿನೆಂಟು ಮನೆಗೂ ತಂತಿ ಹರಡುತ್ತದೆ. ಬೆಟ್ಟಮ್ಮ ಏಣಿ ಹತ್ತಿ ಪೆಟ್ಟಿಗೆ ತೆರೆದಿದ್ದಳು. ನಾವು ಏಳೆಂಟು ಜನ ಕೆಳಗೆ ಕತ್ತೆತ್ತಿ ನಿಂತಿದ್ದೆವು.

ರವಿಚಂದ್ರ ಸುತ್ತ ಒಮ್ಮೆ ನೋಡಿ ನಮ್ಮ ಕಡೆ ತಿರುಗಿದ. "ನೋಡಿ ಮೇಡಂ, ಮೂಲೇಲಿ ಗ್ಯಾಸ್ ಪೈಪಿಗೆ ಅಗೆದಿದಾರಲ್ಲ, ಅಲ್ಲೇ ನಮ್ಮ ಕೇಬಲ್‌ಗೆ ಪೆಟ್ಟಾಗಿರ್ಬೇಕು. ಅಗೆಯೋರು ಹೇಳಲ್ಲ, ಕೇಳಲ್ಲ. ನಾವೇನ್ ಮಾಡೋಕಾಗುತ್ತೆ?"

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅಗೆದದ್ದು ಕಣ್ಣೆದುರಿಗೇ ಇತ್ತು, ಯಾರು ಅಲ್ಲವೆನ್ನುತ್ತಾರೆ? ಗುಂಡಿ ತೋಡಿದವರನ್ನು ಬೈದುಕೊಂಡು ಮನೆಗೆ ಹೋಗಬಹುದಿತ್ತು. ಬೆಟ್ಟಮ್ಮನ ಕೆಲಸವೂ ಉಳಿಯುತ್ತಿತ್ತು.

ಮೇಲಿದ್ದ ಬೆಟ್ಟಮ್ಮ ಪೆಟ್ಟಿಗೆಗೆ ಸಿಕ್ಕಿಸಿದ್ದ ಮುಖ್ಯ ತಂತಿಯ ಪಿನ್ನನ್ನು ಬಿಚ್ಚಿ, ಅದರ ತುದಿಯನ್ನು ಬಿಳಿ ಬಟ್ಟೆಗೆ ಮೆಲ್ಲಗೆ ಒರೆಸಿದಳು. ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಪಿನ್ನು ಕೂರುವ ತೂತನ್ನೂ ಚೊಕ್ಕ ಮಾಡಿ, ತಿರುಗಿ ಸಿಕ್ಕಿಸಿ, ಕೈಲಿದ್ದ ಮೀಟರಿನಲ್ಲಿ ಒಂದು ಮನೆಯ ತಂತಿಗೆ ಬರುವ ಬೆಳಕನ್ನು ಅಳೆದಳು. ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮುಖ ಬೆವೆತಿತ್ತು.

"ಈಗ ಬೆಳ್ಕು ಸರ್ಯಾಗಿ ಬತ್ತಾ ಅದೆ. ಗ್ಯಾಸ್ ಪೈಪಿನೋರ್ದಲ್ಲ ಸಾರ್," ಎಂದಳು. "ನಂದು."

ರವಿಚಂದ್ರ ಅವಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಸರಿಹೋಯ್ತಲ್ಲ, ಬುಡಿ ಬೆಟ್ಟಮ್ಮ, ಈಗ್ಯಾಕೆ?" ಎಂದ.

"ಎಂಗೆ ಬುಡ್ಲಿ ಸಾರ್? ಅಗೆಯೋ ಜನ ಬಡವ್ರು, ಅವ್ರ ತಲೆಗ್ಯಾಕೆ ಕಟ್ಟೋದು?" ಎಂದು ಅವಳು ಬಟ್ಟೆಯನ್ನು ನಮ್ಮೆಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದಳು. ಅದರ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಗುರುತಿತ್ತು.

"ಕುಂಕುಮ ಕಣ್ರಪ್ಪಾ. ಆಯುಧಪೂಜೆ ದಿನ ಪೆಟ್ಟಿಗೆಗೆ ಪೂಜೆ ಮಾಡ್ದೆ. ತಾಮ್ರದ ಕಾಲ್ದಿಂದ ಮಾಡ್ಕೊಂಡ್ ಬಂದಿವ್ನಿ, ಅದ್ಕೇನೂ ಆಗ್ತಿರ್ಲಿಲ್ಲ. ಒಂದೊಂದು ಪಿನ್ನಿಗೂ ಅರಿಶಿನ ಕುಂಕುಮ ಇಟ್ಟೆ. ಹಬ್ಬ ಕಳೀತಿದ್ದಂಗೆ ಮೂಲೆ ಮನೆಗೆ ಹೊಸ ಲೈನು ಕೊಡೋಕೆ ಮೈನ್ ಪಿನ್ನು ತೆಗ್ದು ಹಾಕ್ದೆ ನೋಡಿ, ಒಣಗಿದ್ ಪುಡಿ ಒಳಕ್ಕೋಗ್ಬುಟ್ಟದೆ. ಗಾಜಿನ ತುದಿ ಮುಟ್ಟಬಾರ್ದು ಅಂತ ಟ್ರೈನಿಂಗಲ್ಲಿ ಹೇಳಿದ್ರು. ನಾ ಮುಟ್ಲಿಲ್ಲ. ಪೂಜೆ ಮಾಡ್ದೆ. ತೆಪ್ಪು ನಂದೇ."

ಮೂವತ್ತೈದು ವರ್ಷದಲ್ಲಿ ಸಾವಿರಾರು ತಪ್ಪು ಹಿಡಿದಿದ್ದೇನೆ. ಬರೆದವರು ಅಚ್ಚುಮೊಳೆ ಜೋಡಿಸಿದವರ ಮೇಲೆ ಹಾಕುತ್ತಿದ್ದರು, ಜೋಡಿಸಿದವರು ಬರೆದವರ ಕೈಬರಹದ ಮೇಲೆ. ನನ್ನದು ಎಂದವರನ್ನು ನಾನು ಆವರೆಗೆ ನೋಡಿರಲಿಲ್ಲ. ಅದೂ ಕೆಲಸ ಹೋಗುವ ದಿನ, ಬೇರೆ ನೆಪ ಕೈಗೆ ಬಂದು ಕೂತಿರುವಾಗ! ಹೆಮ್ಮೆಯಿಂದ ನನ್ನ ಕಣ್ಣು ತುಂಬಿಬಂತು. ಈ ಹೆಂಗಸು ನಮ್ಮ ಬೀದಿಯವಳು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ರವಿಚಂದ್ರನ ಮುಖ ಮಾತ್ರ ಗಂಟಿಕ್ಕಿತ್ತು. "ಸರಿ ಮೇಡಂ. ನಿಮ್ಮ ಅರ್ಜೀಲಿ ಕೇಳಿದ್ದೀರಲ್ಲ, ತಿಳಿವಳಿಕೆ ಇರೋರನ್ನ ಕಳಿಸ್ತೀನಿ," ಎಂದ.

"ಯಾರನ್ನೂ ಕಳಿಸಬೇಡಿ. ಆ ಅರ್ಜಿ ವಾಪಸ್ ಕೊಡಿ," ಎಂದೆ. "ನಿಮ್ಮ ಹತ್ತಿರ ಇವರಿಗಿಂತ ತಿಳಿದವರು ಯಾರಿದ್ದಾರ್ರೀ? ತಪ್ಪು ಎಲ್ಲಿದೆ ಅಂತ ಹುಡುಕಿದ್ದೂ ಇವರೇ, ಸರಿ ಮಾಡಿದ್ದೂ ಇವರೇ." ನನ್ನ ದನಿ ಇಡೀ ಸಂದಿಗೆ ಕೇಳಿಸಿತು. ಶಿವಲಿಂಗಯ್ಯನವರೂ ನನ್ನ ಜೊತೆ ನಿಂತರು. ರವಿಚಂದ್ರ ಗಾಡಿ ಹತ್ತಿದ.

ಆದರೆ ಅವನು ದಡ್ಡನಲ್ಲ. ಸಿದ್ಧಾರ್ಥನಗರದಲ್ಲಿ ಅವನ ಗೋದಾಮಿದೆ. ಆ ಬಡಾವಣೆಯಿಂದಲೂ ಇನ್ನೂ ಐದಾರು ಕಡೆಯಿಂದಲೂ ಹಬ್ಬ ಕಳೆದಾಗಿನಿಂದ ಇದೇ ದೂರು ಬರುತ್ತಿತ್ತಂತೆ. ಮೇಲಿನವರು ಯಂತ್ರ ಸರಿಯಿಲ್ಲ, ಹೊರೆ ಜಾಸ್ತಿಯಾಗಿದೆ ಎಂದು ಕಾಗದದ ಮೇಲೆ ಕಾಗದ ಬರೆಯುತ್ತಿದ್ದರಂತೆ. ಅಲ್ಲೂ ಕುಂಕುಮವೇ ಇರಬೇಕೆಂದು ಹೊಳೆದು, ಸಂಜೆ ಬೆಟ್ಟಮ್ಮನಿಗೆ ಫೋನ್ ಮಾಡಿ, "ನಾಳೆ ಎಲ್ಲ ಲೈನಿನವ್ರನ್ನೂ ಕರೆಸ್ತೀನಿ, ನೀವು ಬಂದು ಹೇಳಿ" ಎಂದ. ಅವಳು ಬೆಳಗ್ಗೆ ಹೊರಟಾಗ ನಾನೂ ಆಟೋ ಹತ್ತಿ ಕೂತೆ. "ನೀವ್ಯಾಕೆ ಅಮ್ಮಾವ್ರೆ, ಬಿಸ್ಲು," ಎಂದಳು. "ನೀವು ಸುಮ್ಮನಿರಿ," ಎಂದೆ.

ಗೋದಾಮಿನಲ್ಲಿ ಕೇಬಲ್ ಸುತ್ತಿದ ದೊಡ್ಡ ಉರುಳೆಗಳ ಮೇಲೆ ಹನ್ನೊಂದು ಜನ ಲೈನಿನವರು ಕೂತಿದ್ದರು. ಎಲ್ಲರೂ ಗಂಡಸರು. ಕೆಲವರು ಮೊಬೈಲ್ ನೋಡುತ್ತಿದ್ದರು. ಬೆಟ್ಟಮ್ಮ ಅವರ ಮುಂದೆ ನಿಂತು, ಸೆರಗು ಸಿಕ್ಕಿಸಿಕೊಂಡು, ನಮ್ಮ ಸಂದಿಯಲ್ಲಿ ಹೇಳಿದ್ದನ್ನೇ ಮೊದಲಿಂದ ಕೊನೆಯವರೆಗೆ ಹೇಳಿದಳು. ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ. ಮೊಬೈಲುಗಳು ಒಂದೊಂದಾಗಿ ಜೇಬು ಸೇರಿದವು.

"ಪೂಜೆ ಬುಡಬ್ಯಾಡಿ," ಎಂದಳು. "ಬಾಗ್ಲಿಗೆ ಮಾಡಿ, ಹೂವಿಡಿ, ಕೈ ಮುಗೀರಿ. ಪಿನ್ನಿನ್ ತಂಟೆಗೋಗ್ಬ್ಯಾಡಿ. ಇವತ್ತೇ ಎಲ್ಲ ಪೆಟ್ಟಿಗೆನೂ ತೆಗ್ದು ಒರೆಸ್ಬುಡಾನ, ನಾನೂ ಬತ್ತೀನಿ. ನಾ ಮಾಡಿದ್ ತೆಪ್ಪು ಹೇಳ್ದೆ. ಇನ್ ಯಾರ್ಯಾರು ಮಾಡಿದ್ದೀರಿ, ನಾಚ್ಕೊಬ್ಯಾಡಿ, ಕೈ ಎತ್ತಿ."

ಹಿಂದುಗಡೆ ಕೂತವನೊಬ್ಬ ನೆಲ ನೋಡುತ್ತಲೇ ಕೈ ಎತ್ತಿದ. ಪಕ್ಕದವನು ಎತ್ತಿದ. ಒಬ್ಬೊಬ್ಬರಾಗಿ ಒಂಬತ್ತು ಕೈ ಮೇಲೆದ್ದವು. ಬೆಟ್ಟಮ್ಮ ಎಣಿಸುತ್ತ ಬಂದವಳು ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿ ಎಣಿಕೆ ನಿಲ್ಲಿಸಿದಳು.

"ನೀವ್ಯಾಕೆ ಕೈ ಎತ್ತಿದ್ದೀರಿ ಅಮ್ಮಾವ್ರೆ?"

"ನೀವು ಮೂರು ಸಲ ಬಂದಿದ್ದಿರಿ, ಬೆಟ್ಟಮ್ಮ," ಎಂದೆ. "ಬರಲೇ ಇಲ್ಲ ಅಂತ ಅರ್ಜೀಲಿ ಬರೆದವಳು ನಾನು."