ಮೊಣಕೈಯ ಹಳದಿ ಗಂಟುಗಳು

ನನ್ನ ಅತ್ತೆ ಬೇರೆ ಯಾರೂ ಅಲ್ಲ, ನನ್ನ ಅಮ್ಮನ ತಾಯಿ. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರು. ಕೆಂಚಾರ್ಲಹಳ್ಳಿಯ ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಹೊರಗಿನವರಿಗೆ ಕೊಟ್ಟರೆ ಏರಿಸುತ್ತಾರೆ.

ಮಗಳು ಶಾಲೆಗೆ ಸೇರುವ ಹೊತ್ತಿಗೆ ಅವಳ ಮೊಣಕೈ, ಮಂಡಿ, ಹಿಮ್ಮಡಿಗಳ ಮೇಲೆ ಹಳದಿ ಗಂಟುಗಳೆದ್ದವು. "ಬಾಣಂತನದಾಗೆ ಇವಳು ತುಪ್ಪ ಕುಡಿದ್ಲು, ಮಗೀಗೆ ಬಂದೈತೆ" ಎಂದಳು ಅಜ್ಜಿ. ಆ ತುಪ್ಪ ಬಡಿಸಿದ್ದು ಅವಳೇ. ಅಂದಿನಿಂದ ಮಗುವಿಗೆ ಒಗ್ಗರಣೆಯಿಲ್ಲದ ಸಾರು, ಮುದ್ದೆ. ಹಬ್ಬದಲ್ಲಿ ಉಳಿದ ಮಕ್ಕಳಿಗೆ ಒಬ್ಬಟ್ಟು ಬಡಿಸುವಾಗ ಇವಳನ್ನು ಹಿತ್ತಲಿಗೆ ಅಟ್ಟುತ್ತಿದ್ದಳು. ಗಂಟು ಮಾತ್ರ ಕರಗಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದ ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದರು. "ನೋಡಮ್ಮ, ರಕ್ತದಲ್ಲಿರೋ ಕೊಬ್ಬನ್ನ ಹಿಡಿಯೋಕೆ ಜೀವಕೋಶದ ಮೇಲೆ ರಿಸೆಪ್ಟರ್ ಅಂತ ಇರುತ್ತೆ. ಒಳಗಡೆ ಕ್ಲಾಥ್ರಿನ್ ಅನ್ನೋ ಪ್ರೋಟೀನ್ ಬುಟ್ಟಿ ಥರ ಹೆಣ್ಕೊಂಡು ಅದನ್ನ ಎಳ್ಕೊಳ್ಳುತ್ತೆ. ಇವೆರಡನ್ನೂ ಸೇರಿಸೋಕೆ ಮಧ್ಯೆ ಇನ್ನೊಂದು ಪ್ರೋಟೀನ್ ಬೇಕು. ಮಗೂಗೆ ಅದೇ ಕೆಟ್ಟಿದೆ. ಕೊಬ್ಬು ಒಳಗೆ ಹೋಗದೆ ರಕ್ತದಲ್ಲೇ ಉಳಿಯುತ್ತೆ." ಆಮೇಲೆ ನನ್ನನ್ನೂ ನನ್ನ ಗಂಡನನ್ನೂ ನೋಡಿ, "ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೇನೇ ಹೀಗಾಗೋದು. ನಿಮಗಿಬ್ಬರಿಗೂ ಅದು ಒಂದೇ ಮನೆಯಿಂದ ಬಂದಿದೆ" ಎಂದರು. ಹೃದಯ ಉಳಿಯಬೇಕಾದರೆ ಬದುಕಿಡೀ ಮಾತ್ರೆ ನುಂಗಬೇಕಿತ್ತು.

ಅಷ್ಟರಲ್ಲಿ ನನ್ನ ತಂಗಿಯನ್ನು ನನ್ನ ಗಂಡನ ತಮ್ಮನಿಗೆ ಕೊಡುವ ಮಾತು ಮುಗಿದಿತ್ತು. ಅವನೂ ನಮ್ಮ ಸೋದರಮಾವನೇ. "ಮೊದಲು ಇಬ್ಬರ ರಕ್ತಾನೂ ಪರೀಕ್ಷೆ ಮಾಡಿಸಿ" ಎಂದು ಎಲ್ಲರ ಮುಂದೆ ಹೇಳಿದೆ.

"ಪರೀಕ್ಷೆ ಮಾಡಿ ತರೋಕೆ ನಾವೇನು ಸೀಮೆ ಹಸು ಹಿಡೀತಾ ಇದ್ದೀವೇನೇ?" ಅಜ್ಜಿ ನನ್ನ ಮಗಳನ್ನು ಎಳೆದು ತಂದು, ಫ್ರಾಕಿನ ತೋಳು ಸರಿಸಿ, ಆ ಮೊಣಕೈಯನ್ನು ತಂಗಿಯ ಮುಖಕ್ಕೆ ಹಿಡಿದಳು. "ಇದು ನಿಮ್ಮಕ್ಕನ ಹೊಟ್ಟೆ ದೋಷ. ನಿನ್ನ ಹೊಟ್ಟೇಲಿ ಇಂಥದ್ದು ಹುಟ್ಟಲ್ಲ ಕಣಮ್ಮ."

ಅಜ್ಜಿ ಕೈ ಬಿಟ್ಟ ಮೇಲೂ ಮಗು ಮೊಣಕೈ ಎತ್ತಿಕೊಂಡೇ ನಿಂತಿತ್ತು. ತಂಗಿ ಅದನ್ನು ನೋಡಿ ಮುಖ ತಿರುಗಿಸಿದಳು. "ನಿನ್ನ ಬಾಳು ಹಿಂಗಾಯ್ತು ಅಂತ ನನ್ನದನ್ನ ಯಾಕಕ್ಕ ಕೆಡಿಸ್ತೀಯ?" ಎಂದಳು. ಅವಳ ಮೇಲೆ ನನಗೆ ಅಂಥ ದ್ವೇಷ ಅದುವರೆಗೆ ಹುಟ್ಟಿರಲಿಲ್ಲ.

ಮದುವೆಯಾಯಿತು. ಸೀಮಂತದ ದಿನ ಬಸುರಿಯ ಕಣ್ಣಿಗೆ ಬೀಳಬಾರದೆಂದು ಅಜ್ಜಿ ನನ್ನ ಮಗಳನ್ನು ರೇಷ್ಮೆಹುಳು ಸಾಕುವ ಮನೆಗೆ ಕಳಿಸಿದಳು. ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ.

"ಅಮ್ಮ, ಚಿಕ್ಕಮ್ಮನ ಪಾಪುಗೂ ಗಂಟು ಬಂದ್ರೆ ನಂಗೆ ಜೊತೆ ಸಿಗುತ್ತೆ ಅಲ್ವಾ?"

ಬಾಯಿ ಮುಚ್ಚು ಎಂದು ಕೆನ್ನೆಗೆ ಬಾರಿಸಿದೆ. ಬೆಳಗಿನಿಂದ ನಾನೂ ಅದನ್ನೇ ಬಯಸುತ್ತಿದ್ದೆ.